ಸುಣ್ಣದ ಡಬ್ಬಿಯ ಚಿಪ್ಪು

೧೮ ಜೂನ್ ೧೯೭೯, ಚನ್ನಗಿರಿ

ಪ್ರೊಫೆಸರ್ ಸಾಹೇಬ್ರ ಕಾಗದ ಬಂತು. ತಿಂಗಳುಗಟ್ಟಲೆ ಕಾಯಿಸಿ ನಾಲ್ಕು ಸಾಲು ಬರೆದಾರೆ. "ನೀನು ಕಳಿಸಿದ ಚಿತ್ರ ನೋಡಿದೆ. ಅದು ಹೊಸ ಜಾತಿಯೂ ಅಲ್ಲ, ಎಂಥದ್ದೂ ಅಲ್ಲ. ಯಾವುದೋ ದೊಡ್ಡ ಚಿಪ್ಪಿನ ಮರಿ. ಕಾಲೇಜಿನಲ್ಲಿ ಪಾಠ ಹೇಳೋ ಕಡೆ ಗಮನ ಕೊಡು. ಆಶೀರ್ವಾದಗಳು."

ಮರಿಯಂತೆ! ನನ್ನ ಕರ್ಮ.

ಆರು ವರ್ಷದ ಹಿಂದೆ ಎಂ.ಎಸ್ಸಿ. ಓದುವಾಗ ಸಾಹೇಬ್ರೇ ನಮ್ಮನ್ನೆಲ್ಲ ಕಾರವಾರದ ಕಡೆ ಕರಕಂಡು ಹೋಗಿದ್ರು. ಜಗಳೂರು ತಾಲ್ಲೂಕು ಸೊಕ್ಕೆ ಊರಿನಾಕಿ ನಾನು, ಅಷ್ಟು ನೀರು ಒಂದೇ ಕಡೆ ನೋಡಿದ್ದು ಅವತ್ತೇ. ಸಮುದ್ರ ಹಿಂದಕ್ಕೆ ಸರಿದ ಹೊತ್ತಲ್ಲಿ ಎಲ್ಲರೂ ಏಡಿ, ನಕ್ಷತ್ರಮೀನು ಅಂತ ಓಡಾಡ್ತಿದ್ರು. ನಾನೊಂದು ಕಲ್ಲು ಎತ್ತಿದೆ. ಅದರ ಹೊಟ್ಟೆಗೆ ಅಂಟಿಕಂಡು ಕೂತಿದ್ವು, ಜೋಳದ ಕಾಳಿನಷ್ಟು ಕಪ್ಪೆಚಿಪ್ಪುಗಳು. ಎರಡು ಹೋಳು, ನಡುವೆ ಕೀಲು, ಈರುಳ್ಳಿ ಸಿಪ್ಪೆಯ ಬಣ್ಣ. ಒಂದು ಹಿಡಿ ತಂದೆ. ಅವತ್ತಿಂದ ಯಾವ ಪುಸ್ತಕದಲ್ಲೂ ಅದು ನನಗೆ ಸಿಕ್ಕಿಲ್ಲ. ಬಾಯಿ ಬಿಟ್ಟಿದ್ದ ಎರಡನ್ನ ತೆರೆದು ಕೀಲಿನ ಹಲ್ಲು ನೋಡಿ ಚಿತ್ರ ಬರೆದೀನಿ. ದೊಡ್ಡ ಚಿಪ್ಪುಗಳ ಹಲ್ಲೇ ಬೇರೆ, ಇದರದ್ದೇ ಬೇರೆ. ಬಾಯಿ ಮುಚ್ಚಿರೋವನ್ನ ಒಡೆಯಾಕೆ ಮನಸ್ಸು ಬಂದಿಲ್ಲ. ಮ್ಯೂಸಿಯಮ್ಮಿಗೆ ಕೊಡಬೇಕಾದ್ರೆ ಇಡಿಯಾಗೇ ಇರಬೇಕು.

ಹೊಸ ಜಾತಿ ಅಂತ ಅಚ್ಚಾದ್ರೆ ಆ ಹೆಸರಿನ ಪಕ್ಕದಲ್ಲಿ ಹೆಸರಿಟ್ಟೋರ ಹೆಸರೂ ನಿಲ್ತದೆ. ಯಾವ ದೇಶದೋರು ಬರೆದ್ರೂ ಎರಡನ್ನೂ ಸೇರಿಸೇ ಬರೀಬೇಕು. ನನಗೆ ಬೇಕಾಗಿರೋದು ಅದೊಂದೇ. ಇನ್ನು ಚಿಪ್ಪಿನ ಹೆಸರೂ ಆಗಲೇ ರೆಡಿ ಐತೆ. ಬಸವರಾಜಪ್ಪ ಅನ್ನೋ ಸಾಹೇಬ್ರ ಹೆಸರಿಗೆ ಲ್ಯಾಟಿನ್ ಬಾಲ ಹಚ್ಚಿ 'ಬಸವರಾಜಪ್ಪೈ' ಅಂತ. ನಾಳೆ ಪಿಎಚ್.ಡಿ. ಮಾಡಬೇಕಾದ್ರೂ ಅವರ ಕೈಕೆಳಗೇ. ಗುರುವಿಗೆ ಇದಕ್ಕಿಂತ ದೊಡ್ಡ ಕಾಣಿಕೆ ಏನೈತೆ? ಆ ಗುರುವೇ ಮರಿ ಅಂತಾರೆ.

೨೧ ಜೂನ್

ಲ್ಯಾಬಿನಲ್ಲಿ ಸ್ಪಿರಿಟ್ ಇಲ್ಲ. ಅಂದ್ರೆ, ಐತೆ, ಬೀರುವಿನಲ್ಲಿ ಐತೆ. ಹೋದ ವರ್ಷ ಅಟೆಂಡರ್ ಮೂಕಪ್ಪ ಅದರಲ್ಲಿ ಕಪ್ಪೆ ಮುಳುಗಿಸೋ ಬದಲು ತಾನೇ ಮುಳುಗಿದ. ಅವತ್ತಿಂದ ಬೀಗದ ಕೈ ಪ್ರಿನ್ಸಿಪಾಲ್ರ ಜೇಬಲ್ಲಿ. "ಸಣ್ಣ ಚಿಪ್ಪಿಗೆ ಸ್ಪಿರಿಟ್ ಯಾಕಮ್ಮಾ, ಹಂಗೇ ಇಡಿ, ಎಲ್ಲಿ ಓಡಿ ಹೋಗ್ತವೆ" ಅಂದ್ರು. ಗಾಜಿನ ಟ್ಯೂಬು ಕೇಳಿದೆ. ಇಂಡೆಂಟ್ ಬರೀರಿ ಅಂದ್ರು. ಬರೆದು ಎರಡು ವರ್ಷ ಆತು, ದೇವರು ಕೊಟ್ಟರೂ ಪೂಜಾರಿ ಕೊಡ.

ಒಣಗಿಸಿ ಹತ್ತಿಯಲ್ಲಿ ಸುತ್ತಿಟ್ಟಿದ್ದೀನಿ. ಬೆಂಕಿಪೊಟ್ಟಣದಲ್ಲಿ ಜಿರಲೆ ಕಾಟ. ಮನೇಲಿ ಹುಡುಕಿದಾಗ ಅವ್ವನ ಹಳೇ ಹಿತ್ತಾಳೆ ಸುಣ್ಣದ ಡಬ್ಬಿ ಸಿಕ್ತು. ಗಟ್ಟಿ ಮುಚ್ಚಳ. ತೊಳೆದು ಅದರಲ್ಲಿ ಹಾಕಿ ಗೋಡೆ ಗೂಡಿನಲ್ಲಿಟ್ಟೆ.

ಅವ್ವಂದು ಶುರುವಾತು. "ಅದು ನಮ್ಮತ್ತೆಮ್ಮ ಸೊಂಟದಲ್ಲಿ ಸಿಗಿಸ್ಕೊಂತಿದ್ದ ಡಬ್ಬಿ ಕಣೇ. ಹುಳ ತುಂಬಾಕೆ ಅದೇ ಬೇಕಿತ್ತಾ?"

"ನೀನು ಪ್ಲಾಸ್ಟಿಕ್ ಡಬ್ಬಿ ತಗಂಡಿದೀಯಲ್ಲ."

"ತಗಂಡ್ರೆ? ಹಳೇದನ್ನ ಬೀದಿಗೆ ಎಸೀಬೇಕಾ?"

ಬೀದಿಗೆ ಎಸೆದೋರು ಯಾರು? ತಲೆ ಚಿಟ್ಟು ಹಿಡೀತು.

೮ ಜುಲೈ

ಭಾನುವಾರ. ಪುಸ್ತಕ ಹರಡಿಕೊಂಡು ಕೂತಿದ್ದೆ. ಅವ್ವ ಬಂದು, "ಏ ಇವಳೇ, ಏನು ನೋಡ್ತಿದ್ದೀ?" ಅಂದ್ಲು. ಈ ಚಿಪ್ಪು ಯಾವ ಕುಲಕ್ಕೆ ಸೇರ್ತದೆ, ಯಾವ ಕುಟುಂಬಕ್ಕೆ ಸೇರ್ತದೆ ಅಂತ ನೋಡ್ತಿದ್ದೀನಿ ಅಂದೆ. ನನ್ನ ಬುದ್ಧಿಗೆ ಬೆಂಕಿ ಹಾಕ.

"ನ್ಯಾಮತಿ ಗಂಡಿನ ಕುಲ ಗೋತ್ರ ನೋಡಾಕೆ ನಮ್ಮನ್ನ ಬಿಡ್ಲಿಲ್ಲ. ಚಿಪ್ಪಿಂದು ನೋಡಾಕೆ ಕೂತ್ಯಾ? ಚಿಪ್ಪಿಗೆ ಮದುವೆ ಮಾಡ್ತೀಯಾ?" ಸಂಜೆ ತನಕ ಅದೇ ರಾಗ. ಓರಗೆಯೋರ ಮಕ್ಕಳು ಶಾಲೆಗೆ ಹೋಗ್ತಾವೆ, ತನಗೊಂದು ಮೊಮ್ಮಗು ಇಲ್ಲ, ತನ್ನ ಹೆಸರು ಹಿಡಿಯೋರು ಯಾರೂ ಇಲ್ಲ.

ಹೆಸರಿನ ಮಾತು ಅವ್ವನ ಬಾಯಲ್ಲಿ! ನಾನು ಹುಟ್ಟೋ ಹೊತ್ತಿಗೆ ಅಜ್ಜಿ ಹೊನ್ನೂರಮ್ಮ ತೀರಿಕೊಂಡಿದ್ಲು, ಅವಳ ಹೆಸರೇ ನನಗಿಟ್ರು. ಅತ್ತೆ ಹೆಸರು ಸೊಸೆ ಹೇಳಬಾರದು. ಹಂಗಾಗಿ ಹೆತ್ತ ಅವ್ವ ನನ್ನನ್ನ ಹೆಸರು ಹಿಡಿದು ಕರೆದಿದ್ದೇ ಇಲ್ಲ. 'ಏ ಇವಳೇ', 'ಏ ಹುಡುಗಿ', ಸಿಟ್ಟು ಬಂದ್ರೆ 'ಟೀಚ್ರಮ್ಮ'. ಶಾಲೆಗೆ ಸೇರಿಸಾಕೆ ಹೋದಾಗ ಮೇಷ್ಟ್ರು ಹೆಸರು ಕೇಳಿದ್ರೆ "ನಮ್ಮತ್ತೆಮ್ಮಂದೇ" ಅಂದು ಸುಮ್ಮನೆ ನಿಂತಿದ್ಲಂತೆ. ಮೇಷ್ಟ್ರು ಬೀದೀಲಿ ಹೋಗೋರನ್ನ ಕರೆದು ಅತ್ತೆಮ್ಮನ ಹೆಸರು ಕೇಳಿ ಬರಕೊಂಡ್ರಂತೆ. ಮೊನ್ನೆ ಬುತ್ತಿ ತಂದಾಗಲೂ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು "ನಮ್ಮ ಇವಳು ಇದಾಳೇನ್ರೀ?" ಅಂದಳಂತೆ. ಎಲ್ಲರೂ ನಕ್ಕರಂತೆ. ನನಗೆ ಮೈ ಉರೀತು.

೨ ಸೆಪ್ಟೆಂಬರ್

ಸಾಹೇಬ್ರಿಗೆ ಇನ್ನೊಂದು ಕಾಗದ ಬರೆದಿದ್ದೆ. ಹಲ್ಲಿನ ಚಿತ್ರ ದೊಡ್ಡದು ಮಾಡಿ ಕಳಿಸಿದ್ದೆ. ಉತ್ತರ ಬಂತು. "ಹಲ್ಲು ಬೆಳೀತಾ ಬದಲಾಗ್ತವೆ. ಮರಿ ಅಲ್ಲ ಅನ್ನೋದಕ್ಕೆ ಖಚಿತ ಸಾಕ್ಷಿ ಬೇಕು. ಮಾರ್ಚಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆಗೆ ಹೊನ್ನಾಳಿಗೆ ಬರ್ತೀನಿ. ಅಲ್ಲಿಂದ ಚನ್ನಗಿರಿಗೆ ಬಂದಾಗ ತೋರಿಸು. ಇಲ್ಲಾಂದ್ರೆ ಈ ಹುಚ್ಚು ಬಿಡು."

ಸರಿ. ಮಾರ್ಚಿನ ತನಕ ಟೈಮ್ ಐತೆ. ಆದ್ರೆ ಒಣಗಿದ ಚಿಪ್ಪು ತಾನು ದೊಡ್ಡಾಕಿ ಅಂತ ಬಾಯಿಬಿಟ್ಟು ಹೇಳ್ತದಾ?

೧೯ ನವೆಂಬರ್

ಟೆಸ್ಟ್ ಪೇಪರ್ ತಿದ್ದಿದೆ. ಒಬ್ಬ ಹುಡುಗ ಕಪ್ಪೆಚಿಪ್ಪು ಕಪ್ಪೆಯ ಮನೆ ಅಂತ ಬರೆದಾನೆ. ಮಲಗ್ತೀನಿ.

೧೨ ಫೆಬ್ರವರಿ ೧೯೮೦

ಎಲ್ಲಾ ಮುಗೀತು.

ಕಾಲೇಜಿಂದ ಬಂದೆ. ಅವ್ವ ಪಡಸಾಲೇಲಿ ಕಾಲು ಚಾಚಿಕೊಂಡು ಎಲೆಗೆ ಸುಣ್ಣ ಸವರ್ತಿದ್ಲು. ಕೈಯಲ್ಲಿ ಹಿತ್ತಾಳೆ ಡಬ್ಬಿ. ಒಂದು ಗಳಿಗೆ ನನಗೆ ತಿಳೀಲೇ ಇಲ್ಲ. ಆಮೇಲೆ ಗೋಡೆ ಗೂಡಿನ ಕಡೆ ನೋಡಿದೆ, ಖಾಲಿ.

"ಅವ್ವಾ, ಅದರಲ್ಲಿದ್ದ ಚಿಪ್ಪು?"

"ಪ್ಲಾಸ್ಟಿಕ್ ಡಬ್ಬಿ ಬಿರುಕು ಬಿಡ್ತು. ಚೌಡಕ್ಕ ಬಂದಿದ್ಲು. ಚಿಪ್ಪು ಕೊಟ್ಟೆ, ಸುಣ್ಣ ಹಾಕಿ ಕೊಟ್ಲು."

ಚೌಡಕ್ಕ ಅಂದ್ರೆ ನಮ್ಮ ಬೀದಿಗೆ ಸುಣ್ಣ ಮಾರಾಕೆ ಬರೋಳು. ಸೂಳೆಕೆರೆ ದಂಡೇಲಿ ಚಿಪ್ಪು ಆಯ್ದು ತಂದು ಊರಾಚೆ ಗೂಡಿನಲ್ಲಿ ಸುಟ್ಟು ಸುಣ್ಣ ಮಾಡ್ತಾಳೆ. ಚಿಪ್ಪು ಕೊಟ್ಟೋರಿಗೆ ಬದಲಿಗೆ ಸುಣ್ಣ ಕೊಡ್ತಾಳೆ. ಹಿಂದಿನಿಂದ ಬಂದ ರೂಢಿ.

ನಾನು ಕಿರುಚಿದೆ. ಎಷ್ಟು ಕಿರುಚಿದೆ ಅಂದ್ರೆ ಪಕ್ಕದ ಮನೆಯ ಅಜ್ಜಮ್ಮ ಗೋಡೆ ಮೇಲಿಂದ ತಲೆ ಹಾಕಿದ್ಲು. ಅದು ಸಮುದ್ರದ್ದು, ಲೋಕದಲ್ಲಿ ಇನ್ನೆಲ್ಲೂ ಇಲ್ಲದ್ದು, ನನ್ನ ಹಣೆಬರಹ ಎಲ್ಲಾ ಅದರಲ್ಲಿತ್ತು ಅಂತ. ಅವ್ವ ಎಲೆ ಕೈಯಲ್ಲೇ ಹಿಡಕಂಡು ಕೂತಿದ್ಲು. "ಸುಣ್ಣದ ಡಬ್ಬೀಲಿ ಚಿಪ್ಪು ಇದ್ರೆ ಸುಣ್ಣಕ್ಕೇ ಇಟ್ಟಿದ್ದೀ ಅಂತಲ್ಲದೆ ಇನ್ನೇನು ಅನ್ಕಬೇಕೇ?" ಅಂದ್ಲು.

ಇಟ್ಟಾಕಿ ನಾನೇ. ಅದಕ್ಕೇ ಇನ್ನೂ ಸಿಟ್ಟು ಬಂತು. ಮುಂದಿನ ವಾರ ಚನ್ನಗಿರಿ ಪೇಟೆ ಮಂದಿ ನನ್ನ ಹೊಸ ಜಾತೀನ ಎಲೆಗೆ ಸವರಿ ಜಗಿದು ರಸ್ತೆಗೆ ಉಗೀತಾರೆ. ಊಟ ಮಾಡ್ಲಿಲ್ಲ.

೧೩ ಫೆಬ್ರವರಿ

ಬೆಳಕು ಹರಿಯೋ ಹೊತ್ತಿಗೆ ಎದ್ದು ನೋಡಿದ್ರೆ ಅವ್ವ ಸೀರೆ ಉಟ್ಕಂಡು, ರವೆ ಜರಡಿ ಕಂಕುಳಲ್ಲಿ ಇಟ್ಕಂಡು ಬಾಗಿಲಲ್ಲಿ ನಿಂತಿದ್ಲು. "ಗೂಡಿಗೆ ಬೆಂಕಿ ಹಚ್ಚೋದು ನಾಳೆ ಅಂತೆ. ಅಜ್ಜಮ್ಮನ್ನ ಕೇಳಿದೆ. ನಡಿ." ಕಾಲೇಜಿಗೆ ರಜೆ ಚೀಟಿ ಕಳಿಸಿ ಹೊರಟೆ.

ಚೌಡಕ್ಕನ ಅಂಗಳದಲ್ಲಿ ಚಿಪ್ಪಿನ ರಾಶಿ ನನ್ನ ಎದೆ ಮಟ್ಟ ಇತ್ತು. ವಿಷಯ ಹೇಳಿದ್ದಕ್ಕೆ ಅವಳು ಸೊಂಟಕ್ಕೆ ಕೈ ಇಟ್ಟಳು.

"ಕೊಟ್ಟ ಚಿಪ್ಪು ವಾಪಸ್ ಕೇಳೋದು ಯಾವ ಸೀಮೆ ನ್ಯಾಯನ್ರೀ? ನಾನು ಕೊಟ್ಟ ಸುಣ್ಣ ವಾಪಸ್ ಕೊಡ್ರಿ ಹಂಗಾರೆ."

"ಅರ್ಧ ತಿಂದಾಗೈತಲ್ಲೇ," ಅಂದ್ಲು ಅವ್ವ.

"ತಿಂದಿದ್ದಕ್ಕೆ ನೀವೂ ಜರಡಿ ಹಿಡೀರಿ. ನಾಳೆ ಗೂಡಿಗೆ ತುಂಬೋದನ್ನ ಹೆಂಗೂ ಜರಡಿ ಆಡಿಸಬೇಕು."

ಅಂತೂ ಅವಳ ಕೆಲಸ ನಾವು ಮಾಡಿಕೊಟ್ಟಂಗಾತು! ಮೂರು ಜನ ಕೂತು ರಾಶಿಯ ಬುಡ ಕೆದರಿ ಜರಡಿ ಆಡಿಸಿದ್ವಿ. ಸೂಳೆಕೆರೆಯ ಚಿಪ್ಪು ಎಲ್ಲಾ ಕಂದು, ಹಸಿರು. ಸಣ್ಣವೂ ಬೇಕಾದಷ್ಟು, ಎಲ್ಲಾ ಕೆರೇವು. ಬಸವನಹುಳದ ಮರಿಗಳು ಬೇರೆ. ಅವ್ವ ಒಂದೊಂದನ್ನೂ ಎತ್ತಿ "ಇದಾ? ಇದಾ?" ಅಂತ ಕೇಳಿ ಕೇಳಿ ನನ್ನ ಜೀವ ತಿಂದ್ಲು. ಅಲ್ಲ, ಅಲ್ಲ, ಅಲ್ಲ. ಬಿಸಿಲು ನೆತ್ತಿಗೆ ಬಂತು. ಸುಣ್ಣದ ಧೂಳಿಗೆ ಕೈ ಬಿರೀತು, ಕಣ್ಣು ಉರೀತು. ಬಿಟ್ಟು ಹೋಗೋಣ ಅಂದೆ. ಅವ್ವ ಏಳಲಿಲ್ಲ.

ಆಮೇಲೆ ಜರಡೀಲಿ ಈರುಳ್ಳಿ ಸಿಪ್ಪೆ ಬಣ್ಣದ್ದು ಒಂದು ಕಂಡ್ತು. ಅಲ್ಲೇ ಸುತ್ತ ಇನ್ನೂ ನಾಲ್ಕು. ಅಷ್ಟೇ, ಉಳಿದಿದ್ದೆಲ್ಲ ರಾಶಿ ಪಾಲು. ಅದರಲ್ಲೂ ಒಂದು ಚೌಡಕ್ಕನ ಹಿಮ್ಮಡಿಗೆ ಸಿಕ್ಕಿ ಬಿರುಕು ಬಿಟ್ಟೈತೆ. ಒಂದು ಹಿಡಿ ತಂದಿದ್ದೆ ಸಮುದ್ರದಿಂದ. ನಾಲ್ಕೂವರೆ ಉಳೀತು ಅನ್ನಬೇಕು.

ಮನೆಗೆ ಬಂದ ಮೇಲೆ ಅವ್ವ ಹಿತ್ತಾಳೆ ಡಬ್ಬಿಯ ಸುಣ್ಣ ಕೆರೆದು, ಹುಣಸೆಹಣ್ಣಲ್ಲಿ ತಿಕ್ಕಿ ತೊಳೆದು, ಸೆರಗಲ್ಲಿ ಒರೆಸಿ ನನ್ನ ಮುಂದೆ ಇಟ್ಟಳು. "ಇನ್ನು ಇದನ್ನ ಮುಟ್ಟಲ್ಲ. ನಿಂದೇ." ಐದೂ ಚಿಪ್ಪನ್ನ ಹತ್ತೀಲಿ ಸುತ್ತಿ ಅದರಲ್ಲಿಟ್ಟೆ.

೧೬ ಫೆಬ್ರವರಿ

ಇವತ್ತು ಸೂರ್ಯಗ್ರಹಣ. ಊರಿಗೆ ಊರೇ ಕದ ಹಾಕಿಕೊಂಡು ಕೂತಿತ್ತು. ಅವ್ವ ಬೆಳಿಗ್ಗೆನೇ ಒಲೆ ಆರಿಸಿ, ನೀರಿನ ಕೊಡಕ್ಕೆಲ್ಲ ಗರಿಕೆ ಹಾಕಿ, ನಾನು ಹೊಸ್ತಿಲು ದಾಟಬಾರದು ಅಂತ ಕಾವಲು ಕೂತಳು.

ನಿನ್ನೆ ಪ್ರಿನ್ಸಿಪಾಲ್ರಿಗೆ ಗೋಗರೆದು ಮೈಕ್ರೋಸ್ಕೋಪ್ ಮನೆಗೆ ತಂದಿದ್ದೆ. ಬಿರುಕು ಬಿಟ್ಟಿದ್ದು ಹೆಂಗೂ ಮ್ಯೂಸಿಯಮ್ಮಿಗೆ ಬರಲ್ಲ. ಹೋಗಲಿ, ಇದನ್ನಾದ್ರೂ ಪೂರ್ತಿ ತೆರೆದು ಹಲ್ಲಿನ ಇನ್ನೊಂದು ಚಿತ್ರ ಬರೆಯೋಣ ಅಂತ. ನಮ್ಮ ಮೈಕ್ರೋಸ್ಕೋಪಿಗೆ ಕರೆಂಟ್ ದೀಪ ಇಲ್ಲ, ತಳದಲ್ಲಿ ಕನ್ನಡಿ. ಬಿಸಿಲು ಬಿದ್ರೇ ಕಾಣೋದು. ಹಿತ್ತಲ ಕಿಟಕಿ ಒಂದು ಗೇಣು ತೆಗೆದು ಕೂತೆ. ಸೂಜಿಯಿಂದ ಮೇಲಿನ ಹೋಳು ಎಬ್ಬಿಸಿದೆ. ಹೊಟ್ಟೆಯ ಜಾಗದಲ್ಲಿ ಏನೋ ಗಸಗಸೆ ಥರ ಮೆತ್ತಿಕಂಡಿತ್ತು. ಮರಳಿರಬೇಕು, ಇಲ್ಲಾಂದ್ರೆ ಚೌಡಕ್ಕನ ಸುಣ್ಣ ಅಂದ್ಕಂಡೆ. ಒಂದು ಕಾಳು ತೆಗೆದು ಗಾಜಿನ ಮೇಲಿಟ್ಟು ಕಣ್ಣಿಟ್ಟೆ. ದುಂಡಗಿತ್ತು. ನಡುವೆ ಒಂದು ಗೆರೆ ಕಂಡಂಗಾತು. ಎರಡು ಹೋಳಾ?

ಅಷ್ಟರಲ್ಲಿ ಕಪ್ಪಾಗಾಕೆ ಶುರುವಾತು. ಕನ್ನಡಿ ಆ ಕಡೆ ತಿರುಗಿಸಿದೆ, ಈ ಕಡೆ ತಿರುಗಿಸಿದೆ. ಬೆಳಕೇ ಇಲ್ಲ. ಏಳು ವರ್ಷ ಕಾದಿದ್ದೀನಿ, ವರ್ಷದಲ್ಲಿ ಮುನ್ನೂರು ದಿನ ಜಗಳೂರು ಸೀಮೆ ಸುಡೋ ಈ ಸೂರ್ಯನಿಗೆ ಇವತ್ತೇ ಮುಖ ಮುಚ್ಚಿಕೊಳ್ಳಬೇಕಿತ್ತಾ! ಹಕ್ಕಿಗಳೆಲ್ಲ ಗೂಡಿಗೆ ಬಂದ್ವು. ಅವ್ವ ಬಂದು "ಕಿಟಕಿ ತೆಗೆದೀಯಾ ಮೂದೇವಿ" ಅಂತ ಅದರ ಕದ ಬಡಿದು ಮುಚ್ಚಿದ್ಲು. ಬೆಳಕು ವಾಪಸ್ ಬಂದಾಗಲೂ ತೆಗೀಲಿಲ್ಲ. ಗ್ರಹಣ ಬಿಡಬೇಕು, ಸ್ನಾನ ಆಗಬೇಕು, ಮನೆ ತೊಳೀಬೇಕು. ಅಷ್ಟೊತ್ತಿಗೆ ಸೂರ್ಯ ಮುಳುಗಿದ.

೧೭ ಫೆಬ್ರವರಿ

ಮರಿಗಳು.

ಮರಳಲ್ಲ, ಸುಣ್ಣ ಅಲ್ಲ. ಒಂದೊಂದು ಗಸಗಸೆ ಕಾಳೂ ಒಂದೊಂದು ಚಿಪ್ಪು. ಗಾಜಿನಂಥ ಎರಡೆರಡು ಹೋಳು, ನಡುವೆ ಕೀಲು. ಹೊಟ್ಟೇಲಿ ಮರಿ ಇಟ್ಕಂಡು ಸಾಕ್ತಿತ್ತು ಇದು. ಮರಿ ಇರೋದು ಮರಿ ಹೆಂಗಾಗ್ತದೆ? ಇದು ತಾಯಿ! ಪೂರಾ ಬೆಳೆದ ತಾಯಿ. ಇದರ ಜಾತಿ ಇರೋದೇ ಇಷ್ಟು ಸಣ್ಣದು. ಏಳು ವರ್ಷ ಈ ಸಾಕ್ಷಿ ಡಬ್ಬೀಲೇ ಇತ್ತು. ಇಡಿಯಾಗಿರಲಿ ಅಂತ ನಾನು ಜೋಪಾನ ಮಾಡ್ತಾ ಕೂತಿದ್ದೆ. ಚೌಡಕ್ಕನ ಹಿಮ್ಮಡಿಗೆ ಬಂಗಾರದ ಕಡಗ ಮಾಡಿಸಬೇಕು.

ಕೂಗಿಕೊಂಡೆ. ಅವ್ವ ರೊಟ್ಟಿ ತಟ್ತಿದ್ದ ಹಿಟ್ಟಿನ ಕೈಯಲ್ಲೇ ಬಂದ್ಲು. ಒಂದು ಕಣ್ಣು ಮುಚ್ಚಾಕೆ ಬರಲ್ಲ ಅವಳಿಗೆ, ನಾನೇ ಅಂಗೈಯಿಂದ ಮುಚ್ಚಿದೆ. ಬಹಳ ಹೊತ್ತು ನೋಡಿದ್ಲು.

"ಇಷ್ಟುದ್ದದ್ದು ಬಸುರಿಯೇನೇ?"

"ಹೂಂ. ಅವರು ಇದನ್ನೇ ಮರಿ ಅಂದಿದ್ದು."

"ನನಗೂ ಹಂಗೇ ಅಂದಿದ್ರು," ಅಂದ್ಲು ಅವ್ವ. "ನಿನ್ನ ಹಡೆದು ಜಗಳೂರು ಆಸ್ಪತ್ರೇಲಿ ಕೂತಿದ್ದೆ. ನರ್ಸಮ್ಮ ಬಂದು, ಏ ಹುಡುಗೀ, ಕೂಸಿನ ತಾಯಿ ಎಲ್ಲಿ, ಕರಿ ಅಂದ್ಲು. ಗಿಡ್ಡಕ್ಕಿದ್ನಲ್ಲ. ನಾನೇ ಅಂದ್ರೆ ನಂಬಲಿಲ್ಲ ಮುಂಡೇದು. ಎದೆಹಾಲು ಕುಡಿಸಿ ತೋರಿಸಿದೆ."

ಅವಳ ಹೆಸರು ಗಿಡ್ಡಮ್ಮ. ಆಗ ನನಗೆ ಹೊಳೀತು. ಇದಕ್ಕೆ ನಿನ್ನ ಹೆಸರೇ ಇಡ್ತೀನಿ ಕಣವ್ವಾ, ನಿನ್ನ ಹೆಸರು ಹಿಡಿಯೋರು ಇಲ್ಲ ಅಂತಿದ್ಯಲ್ಲ ಅಂದೆ. ಖುಷಿ ಪಡ್ತಾಳೆ ಅಂದ್ಕಂಡಿದ್ದೆ. ಹಿಟ್ಟಿನ ಕೈ ಎತ್ತಿಕೊಂಡೇ ಬಂದ್ಲು!

"ಬದುಕಿರೋರ ಹೆಸರು ಇಡ್ತಾರೇನೇ ಎಲ್ಲಾದ್ರೂ? ಕಲ್ಲಿನಂಗೆ ಕೂತು ಎಲೆಯಡಿಕೆ ಜಗೀತಿದೀನಿ, ನನ್ನನ್ನ ಗುಂಡಿಗೆ ಕಳಿಸಾಕೆ ಅಷ್ಟು ಅವಸರಾನ? ನಿಮ್ಮಜ್ಜಿ ಹೆಸರು ನಿನಗಿಟ್ಟಿದ್ದು ಅವಳು ಸತ್ತ ಮೇಲೆ. ಅದೂ ಹುಳಕ್ಕೆ!" ರೊಟ್ಟಿ ಸೀದು ಹೋತು. ಅದೂ ನನ್ನದೇ ತಪ್ಪಂತೆ.

೩ ಮಾರ್ಚ್

ಪ್ರೊಫೆಸರ್ ಕಾರ್ಡು ಬರೆದಾರೆ. ಒಂಬತ್ತನೇ ತಾರೀಖು ಹೊನ್ನಾಳಿಯಿಂದ ಬರ್ತಾರಂತೆ. ಚಿತ್ರ ಬರೆದೆ, ಅಳತೆ ಬರೆದೆ, ಮರಿಗಳ ಚಿತ್ರ ಬೇರೆ ಬರೆದೆ. ಎಲ್ಲಾ ರೆಡಿ. ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದೀನಿ. 'ಬಸವರಾಜಪ್ಪೈ' ಅಂತ ಬರೆಯಾಕೆ ಪೆನ್ನು ಎತ್ತಿದೆ, ಮಸಿ ಬರಲಿಲ್ಲ. ಇಂಕ್ ತುಂಬಬೇಕು. ನಾಳೆ ನೋಡೋಣ.

೯ ಮಾರ್ಚ್

ಪ್ರೊಫೆಸರ್ ಬಂದು ಹೋದ್ರು. ಜೀಪು ಬಾಗಿಲಲ್ಲಿ ನಿಂತಿದ್ದಕ್ಕೆ ಬೀದಿ ಮಕ್ಕಳೆಲ್ಲ ಮುತ್ತಿದ್ವು. ಕಾಲೇಜಿನ ಮೈಕ್ರೋಸ್ಕೋಪ್ ಹಿತ್ತಲ ಕಿಟಕಿ ಹತ್ರ ಇಟ್ಟಿದ್ದೆ. ಬಗ್ಗಿ ನೋಡಿದ್ರು. ಕನ್ನಡಕ ತೆಗೆದು ಮತ್ತೆ ನೋಡಿದ್ರು.

"ಹೌದಲ್ಲ," ಅಂದ್ರು. ಆ ಒಂದು ಮಾತಿಗೆ ನಾನು ವರ್ಷವಿಡೀ ಕಾದಿದ್ದೆ. ಬಂದಾಗ ಏನೂ ಅನ್ನಿಸ್ಲಿಲ್ಲ, ಕಾಲು ನೋಯ್ತಿದ್ದದ್ದಷ್ಟೇ ಗೊತ್ತಾತು.

ಆಮೇಲೆ ಕುರ್ಚಿಗೆ ಒರಗಿ ಶುರು ಮಾಡಿದ್ರು. "ನೋಡಮ್ಮಾ, ಇದನ್ನ ನಾನೇ ಬರೆದು ಕಳಿಸ್ತೀನಿ. ನೀನು ಇನ್ನೂ ಚಿಕ್ಕ ಹುಡುಗಿ, ಈ ಊರಿನ ವಿಳಾಸದಿಂದ ಕಳಿಸಿದ್ರೆ ಯಾರು ಅಚ್ಚು ಹಾಕ್ತಾರೆ? ಹೆಸರಿಟ್ಟೋನು ಅಂತ ನಂದು ಇರಲಿ. ಕೊನೇಲಿ ನಿನಗೆ ಒಂದು ಥ್ಯಾಂಕ್ಸ್ ಹಾಕೋಣ." ಅಂದೋರೇ ಡಬ್ಬಿ ಮುಚ್ಚಳ ಹಾಕಿ ಕೋಟಿನ ಜೇಬಿನ ಕಡೆ ಕೈ ಒಯ್ದರು.

ಅದು ಮರಿ ಅಂತ ಎರಡು ಸಲ ಬರೆದ ಮನುಷ್ಯ!

"ಸರ್, ಡಬ್ಬಿ ಇಲ್ಲೇ ಇರಲಿ," ಅಂದೆ. ಕೈ ಚಾಚಿದೆ. ಅವರು ನಕ್ಕರು. ಡಬ್ಬಿ ಬಿಡಲಿಲ್ಲ.

ಅವ್ವ ಟೀ ತಂದಿದ್ಲು. ತಟ್ಟೆ ಹಿಡಕಂಡು ಅಷ್ಟೂ ಕೇಳಿಸಿಕಂಡಿದ್ಲು. "ಏನ್ರೀ ಸ್ವಾಮೀ," ಅಂದ್ಲು, "ಹೆಸರಿಡೋದು ಯಾರು ಅಂತ ಮಾತಾಡ್ತಿದ್ದೀರಾ?"

"ಹೌದು ತಾಯಿ. ಅದೆಲ್ಲ ನಿಮಗೆ ತಿಳಿಯಲ್ಲ."

"ಹೆಸರಿಡೋದು ತಿಳಿಯಲ್ವಾ? ಹಡೆದಾಕಿ ಒಬ್ಬಾಕಿ, ತೊಟ್ಟಿಲಿಗೆ ಹಾಕಾಕೆ ನೀವು ಬಂದ್ರಾ? ಕಲ್ಲೆತ್ತಿ ಅದನ್ನ ಕಂಡಾಕಿ ಯಾರು? ಕೇಳ್ರಿ, ಯಾರು?"

ಅವರು ಜೀಪಿನ ಕಡೆ ನೋಡಿದ್ರು.

"ಹೊನ್ನೂರಮ್ಮ," ಅಂದ್ಲು ಅವ್ವ. ತಟ್ಟೇಲಿದ್ದ ಲೋಟ ಅಲ್ಲಾಡಿ ಟೀ ಚೆಲ್ತು. "ಹೊನ್ನೂರಮ್ಮ ಕಂಡಿದ್ದು. ಚಿಪ್ಪಿನ ರಾಶೀಲಿ ಕೂತು ಬಿಸಿಲಲ್ಲಿ ಬೆಂದಾಕಿ ಹೊನ್ನೂರಮ್ಮ. ಅವಳು ಸಣ್ಣ ಹುಡುಗಿ ಅಲ್ಲ. ಹೊನ್ನೂರಮ್ಮನ ಹೆಸರು ಹಾಕ್ರಿ, ಇಲ್ಲಾ ನಮ್ಮತ್ತೆಮ್ಮನ ಡಬ್ಬಿ ಕೆಳಗಿಟ್ಟು ನಡೀರಿ."

ಇಟ್ಟರು. ಟೀನೂ ಕುಡೀಲಿಲ್ಲ. ಹೋಗುವಾಗ "ನಿನ್ನ ಪಿಎಚ್.ಡಿ. ವಿಷಯ ಇನ್ನು ನೀನೇ ನೋಡಿಕೊ" ಅಂದ್ರು. ನೋಡ್ಕೊಂತೀನಿ. ಬರೆದಿಟ್ಟಿದ್ದ ಹಾಳೆ ಮೇಲೆಲ್ಲ ಟೀ ಬಿದ್ದು ಅಳತೆ ಅಳಿಸಿ ಹೋಗಿತ್ತು. ರಾತ್ರಿ ಊಟ ಬಿಟ್ಟು ಮತ್ತೆ ಬರೀಬೇಕಾತು. ಅವ್ವನಿಗೆ ಕೋಪ ಬಂದ್ರೆ ಕೈ ನಿಲ್ಲಲ್ಲ, ಅದೊಂದು ಗೋಳು.

೧೦ ಮಾರ್ಚ್

ಬೆಳಿಗ್ಗೆ ಎದ್ದಾಗ ಅವ್ವ ಗೂಡಿನ ಮುಂದೆ ನಿಂತು ಹಿತ್ತಾಳೆ ಡಬ್ಬಿ ಜೊತೆ ಮಾತಾಡ್ತಿದ್ಲು. ಎರಡೂ ಕೆನ್ನೆ ಬಡಕಂಡು, "ತಪ್ಪಾತು ಅತ್ತೆಮ್ಮಾ. ಬಾಯಿ ತಪ್ಪಿ ಬಂತು. ಹೇಳದಿದ್ರೆ ಹುಡುಗೀದು ಹೋಗ್ತಿತ್ತು. ನಾನೇನು ಮಾಡ್ಲಿ?" ಅಂದ್ಲು. ನಾನು ಮುಸುಕು ಎಳಕಂಡು ಮಲಗಿದಂಗೆ ಮಾಡಿದೆ. ಒಂದೇ ಉಸಿರಲ್ಲಿ ಮೂರ್ನಾಲ್ಕು ಸಲ ಬಾಯಿ ತಪ್ಪಿ ಬರ್ತದಾ?

೭ ಏಪ್ರಿಲ್

ಶಿವಮೊಗ್ಗದ ಲೈಬ್ರರಿಯ ದಪ್ಪ ಡಿಕ್ಷನರಿಯಲ್ಲಿ ಒಂದು ಲ್ಯಾಟಿನ್ ಪದ ಸಿಕ್ತು. ಮಾಟರ್ಕ್ಯುಲಾ. ಪುಟ್ಟ ತಾಯಿ ಅಂತ. ಖಾಲಿ ಜಾಗದಲ್ಲಿ ಅದನ್ನ ಬರೆದೆ. ಮಸಿ ಸಲೀಸಾಗಿ ಬಂತು. ಗಿಡ್ಡಮ್ಮ ಅಂದ್ರೂ ಅದೇ ತಾನೆ? ಅವ್ವನಿಗೆ ಹೇಳಿಲ್ಲ. ಹೇಳಿದ್ರೆ ಸತ್ತಂಗೆ ಮಾಡಿದ್ಯಾ ಅಂತ ಎರಡು ದಿನ ಊಟ ಬಿಡ್ತಾಳೆ.

ಇಡಿಯಾಗಿದ್ದ ನಾಲ್ಕರಲ್ಲಿ ಮೂರನ್ನೂ, ಮರಿ ಇದ್ದ ಬಿರುಕಿನದ್ದನ್ನೂ ಮ್ಯೂಸಿಯಮ್ಮಿಗೆ ರಿಜಿಸ್ಟರ್ ಮಾಡಿದೆ. ಲೇಖನ ಬೇರೆ ಲಕೋಟೇಲಿ. ಒಂದು ಡಬ್ಬೀಲಿ ಉಳೀತು. ಪೋಸ್ಟಾಫೀಸಿನೋನು ಪಾರ್ಸಲ್ ಅಲ್ಲಾಡಿಸಿ ನೋಡಿದ. "ಒಳಗೇನೈತ್ರೀ?" ಅಂದ. ಕಪ್ಪೆಚಿಪ್ಪು ಅಂದೆ. "ಇದಕ್ಯಾಕ್ರೀ ದಂಡ, ಸೂಳೆಕೆರೇಲಿ ರಾಶಿ ಬಿದ್ದಾವೆ" ಅಂದ. ಹಲ್ಲು ಕಚ್ಚಿಕೊಂಡು ಬಂದೆ.

೨೨ ಜನವರಿ ೧೯೮೧

ಲೇಖನ ತಿದ್ದಾಕೆ ವಾಪಸ್ ಬಂದೈತೆ. ಮೂರನೇ ಸಲ. ಹಾಳಾಗಿ ಹೋಗಲಿ ಅಂತ ಅಂದು, ತಿದ್ದಾಕೆ ಕೂತೆ.

೧೪ ಸೆಪ್ಟೆಂಬರ್ ೧೯೮೧

ಅಚ್ಚಾಗಿ ಬಂತು. ಆರು ಪುಟ. ಚಿತ್ರ ಒಂಚೂರು ಮಸುಕಾಗೈತೆ, ಒಂದು ಕಡೆ ಅಳತೆ ತಪ್ಪು ಹಾಕಿದಾರೆ, ಕಾಗದ ಬರೀಬೇಕು. ಆದ್ರೂ ಬಂತು. ಚಿಪ್ಪಿನ ಹೆಸರು, ಪಕ್ಕದಲ್ಲಿ ನನ್ನ ಹೆಸರು, ಇಸವಿ. ಬೇರೆ ಯಾರ ಹೆಸರೂ ಇಲ್ಲ. ಪಡಸಾಲೇಲಿ ಕೂತು ಅವ್ವನಿಗೆ ಓದಿ ಹೇಳಿದೆ. ಮಾಟರ್ಕ್ಯುಲಾ ಅಂದ್ರೆ ಏನು ಅಂತ ಕೇಳಲಿಲ್ಲ. ಅದರ ಪಕ್ಕದ್ದರ ಮೇಲೆ ಬೆರಳಿಟ್ಟು, "ಇದು ನಿಂದಾ?" ಅಂದ್ಲು. ಹೂಂ ಅಂದೆ. ಬೆರಳು ಅಲ್ಲೇ ಇಟ್ಕಂಡು ಕೂತಿದ್ಲು. ಎಲೆಯಡಿಕೆ ಕೈ, ಕೆಂಪು ಕಲೆ ಆತು. ಇರೋದು ಒಂದೇ ಪ್ರತಿ!

ಇನ್ನೂ ಏನೇನೋ ಬರೆಯೋದಿತ್ತು. ಬರೆಯಾಕೆ ಎಲ್ಲಿ ಬಿಡ್ತಾಳೆ? ಒಳಗಿಂದ ಆಗಲೇ ಮೂರನೇ ಸಲ ಕೂಗ್ತಿದ್ದಾಳೆ. "ಹೊನ್ನೂರವ್ವಾ, ಸುಣ್ಣ ಮುಗಿದೈತೆ. ಬೀದೀಲಿ ಚೌಡಕ್ಕ ಹೋಗ್ತಿದ್ದಾಳೆ, ಕರಿಯೇ. ಹೊನ್ನೂರವ್ವಾ, ಕಿವಿ ಕೇಳಿಸ್ತೈತಾ?"

ಕೇಳಿಸ್ತೈತೆ. ಬಂದೆ ಮಾರಾಯ್ತಿ.